ಕಂಬಳಿ ಹೊದ್ದ ಗಾಡಿ

ರೊಟ್ಟಿ ಸುಡುವ ಒಲೆಯಲ್ಲಿ ಮೋಟರ್ ಸೈಕಲ್ಲಿನ ಪ್ಲಗ್ಗನ್ನೂ ಸುಡುತ್ತಿದ್ದ ಮನೆ ಶ್ರೀರಾಂಪುರದ ಸುತ್ತಮುತ್ತ ಹುಚ್ಚಕ್ಕನದೊಂದೇ ಇದ್ದಿರಬೇಕು. ಅವಳು ಹೆಂಚಿನ ಮೇಲೆ ರಾಗಿರೊಟ್ಟಿ ಹಾಕಿ ಇನ್ನೇನು ಮಗುಚಬೇಕು, ಅಷ್ಟರಲ್ಲಿ ಮಗ ಮುದ್ದಪ್ಪ ಇಕ್ಕಳದಲ್ಲಿ ಕಚ್ಚಿ ಹಿಡಿದ ಆ ಬೆರಳುದ್ದದ ತುಂಡನ್ನು ತಂದು ಕೆಂಡದೊಳಗೆ ತೂರಿಸುತ್ತಿದ್ದ.

"ಲೇ, ನಿನ್ನೆ ರೊಟ್ಟಿ ತುಂಬಾ ಪೆಟ್ರೋಲ್ ವಾಸ್ನೆ. ನಿಮ್ಮಪ್ಪ ಒಂದು ತುತ್ತು ಮುರಿದು ಹಂಗೇ ಇಟ್ಟ."

"ಪ್ಲಗ್ಗು ಬಿಸಿ ಆಗ್ದಿದ್ರೆ ಗಾಡಿ ಏಳಂಗಿಲ್ಲ ಕಣಮ್ಮ. ಗಾಡಿ ಏಳ್ದಿದ್ರೆ ನಂಗೆ ಕೆಂಪು ಗೆರೆ."

ಎಪ್ಪತ್ತೈದನೇ ಇಸವಿಯ ಚಳಿಗಾಲ ಅದು. ದಿಲ್ಲಿಯಲ್ಲಿ ಎಮರ್ಜೆನ್ಸಿ ಹಾಕಿದ್ದಾರಂತೆ ಎಂದು ಹಟ್ಟಿಯವರು ಕಿವಿಯಲ್ಲಿ ಕೇಳಿದ್ದರೇ ಹೊರತು ಅದು ಕರಿಯದೋ ಕೆಂಪಗಿನದೋ ಕಂಡಿರಲಿಲ್ಲ. ಮುದ್ದಪ್ಪ ಕಂಡಿದ್ದ. ಹೊಸದುರ್ಗದ ಪಶು ಆಸ್ಪತ್ರೆಯಲ್ಲಿ ಅವನು ಕಾಂಪೌಂಡರು. ಎಂಟು ಗಂಟೆ ಹೊಡೆದು ಐದು ನಿಮಿಷವಾದರೆ ಡಾಕ್ಟರು ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಗೆರೆ ಎಳೆಯುತ್ತಿದ್ದರು. ಕಾರ್ತೀಕ ಕಳೆಯುವುದರೊಳಗೆ ಎರಡು ಗೆರೆ ಬಿದ್ದಿದ್ದವು. "ಮೂರನೇದು ಬಿದ್ರೆ ನೀವು ಹಳ್ಳಿಯಿಂದ ಓಡಾಡೋದು ಬಂದ್. ಇಲ್ಲೇ ಮನೆ ಮಾಡ್ಬೇಕು" ಎಂದು ಹೇಳಿಯೂ ಆಗಿತ್ತು.

ಹುಚ್ಚಕ್ಕನಿಗೆ ಆ ಮೂರನೇ ಗೆರೆಯ ಭಯ ಮಾರಮ್ಮನ ಭಯಕ್ಕಿಂತ ದೊಡ್ಡದಾಯಿತು. ಇದ್ದೊಬ್ಬ ಮಗ ಹೆಂಡತಿಯನ್ನು ಕಟ್ಟಿಕೊಂಡು ಹೊಸದುರ್ಗಕ್ಕೆ ಹೋದರೆ ಮನೆಯಲ್ಲಿ ಉಳಿಯುವುದು ಅವಳು, ಮಾತು ಬಿಟ್ಟ ಗಂಡ, ಮೂರು ಕುರಿ.

ಗಂಡ ಕಾಟಲಿಂಗಪ್ಪ ಮಾತು ಬಿಟ್ಟದ್ದು ಮಗನ ಜೊತೆಗೆ ಮಾತ್ರ. ಅದೂ ಆ ಗಾಡಿಯ ದೆಸೆಯಿಂದಲೇ. ಮುದುಕ ಹುಟ್ಟಿದಾಗಿನಿಂದ ಕುರಿ ಕಾದವನು. ಕಳೆದ ದಸರೆಯಲ್ಲಿ ಮೊಣಕಾಲು ಊದಿ ಹಾಸಿಗೆ ಹಿಡಿದ. ಕುರಿ ಮಾರಿ ಗಾಡಿ ಕೊಳ್ಳುವ ಮಾತು ಬಂದಾಗ, "ಆಗ್ಲಿ, ಹತ್ತು ಉಳಿಸು" ಅಂದ. ಮುದ್ದಪ್ಪ ಮೂರು ಉಳಿಸಿದ. ಕಾಲು ಬಗ್ಗದ ಮುದುಕ ಹತ್ತು ಕುರಿಯ ಹಿಂದೆ ಹೇಗೆ ಅಡ್ಡಾಡಿಯಾನು ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು. ಮನೆ ಕೆಡುವುದು ಇಂಥ ಸರಿ ಲೆಕ್ಕದಿಂದಲೇ. ಹಾಸಿಗೆಯಿಂದೆದ್ದು ಬಂದ ಮುದುಕ ಬರಿದಾದ ಕುರಿದೊಡ್ಡಿಯನ್ನೂ, ಅದರ ಬಾಗಿಲಲ್ಲಿ ನಿಂತಿದ್ದ, ಹಿರಿಯೂರಿನ ಯಾವನೋ ಕಂಟ್ರಾಕ್ಟರು ಓಡಿಸಿ ಬಿಟ್ಟ ಹಳೇ ಗಾಡಿಯನ್ನೂ ನೋಡಿದ. ಅಂದಿನಿಂದ ಮಗನಿಗೆ ಹೇಳುವುದೆಲ್ಲ ಹೆಂಡತಿಯ ಮುಖಾಂತರ.

ನಾಲ್ಕು ಜನರ ಮನೆ. ಅಪ್ಪ ಮಗ ಉಣ್ಣಲು ಕೂತರೆ ನಡುವೆ ಮೂರು ಮೊಳ ದೂರವಿಲ್ಲ.

"ಹುಚ್ಚಿ, ನಿನ್ನ ಮಗಂಗೆ ಹೇಳು, ಉಪ್ಪಿನ ಬಟ್ಲು ಈ ಕಡೆ ಸರಿಸ್ಲಿ."

"ಉಪ್ಪಿನ ಬಟ್ಲು ಸರಿಸ್ಬೇಕಂತೆ ಕಣೋ."

"ನಿನ್ ಗಂಡಂಗೆ ಹೇಳಮ್ಮ, ಸಾರಿಗೆ ಉಪ್ಪು ಸರಿಯಾಗೇ ಐತೆ ಅಂತ."

"ಸರಿಯಾಗೇ ಐತಂತೆ."

ಸೊಸೆ ನಾಗಕ್ಕ ಮುದ್ದೆ ಕಟ್ಟುತ್ತಾ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. "ನಮ್ಮತ್ತೆ ಅಂಚೆ ಕಚೇರಿ. ಸ್ಟಾಂಪೂ ಬ್ಯಾಡ, ಕವರೂ ಬ್ಯಾಡ" ಎಂದು ನೆರೆಯವರ ಮುಂದೆ ಆಡುತ್ತಿದ್ದಳು. ಆಡಲಿ ಪಾಪ. ಹುಚ್ಚಕ್ಕನೂ ಜೊತೆಗೆ ನಗುತ್ತಿದ್ದಳು. ಆದರೆ ಮಾತು ಹೊತ್ತು ಹೊತ್ತು ಅವಳಿಗೆ ನಿಜಕ್ಕೂ ಸುಸ್ತಾಗಿತ್ತು. ಬೈಗುಳವಾದರೂ ಪರವಾಗಿಲ್ಲ, ಅವರಿಬ್ಬರೂ ಒಂದೇ ಒಂದು ಸಲ ನೇರವಾಗಿ ಬೈದಾಡಿಕೊಳ್ಳಲಿ ಎಂದು ದೇವರಿಗೆ ಹರಕೆ ಕಟ್ಟಿದ್ದಳು.

ಬೆಳಗ್ಗೆ ಗಾಡಿ ಎಬ್ಬಿಸುವುದೇ ಒಂದು ಪೂಜೆ. ಪೆಟ್ರೋಲಿನ ಕೊಳಾಯಿ ತಿರುಗಿಸಬೇಕು, ಅಡಿಯ ಗುಂಡಿ ಒತ್ತಿ ಪೆಟ್ರೋಲು ತೊಟ್ಟಿಕ್ಕುವ ತನಕ ಕಾಯಬೇಕು, ಕಾದ ಪ್ಲಗ್ಗನ್ನು ಉಸ್ಸುಸ್ಸೆನ್ನುತ್ತಾ ತಿರುಪಬೇಕು, ಆಮೇಲೆ ಒದೆಯಬೇಕು. ಹತ್ತು, ಹದಿನೈದು, ಇಪ್ಪತ್ತು. ಕೊನೆಗೆ ಅದು ಕೆಮ್ಮಿ, ಅಂಗಳದ ತುಂಬ ನೀಲಿ ಹೊಗೆ ಕಕ್ಕಿ ಎದ್ದರೆ ಮುದ್ದಪ್ಪನಿಗೆ ಅದು ಕಾಯುವ ತನಕ ನಿಲ್ಲಲು ಪುರಸೊತ್ತಿಲ್ಲ. ಹತ್ತಿದ ಕೂಡಲೇ ಗೇರು ಹಾಕಿ ಹೊರಟೇಬಿಡುತ್ತಿದ್ದ. ಗಾಡಿ ಕೆರೆ ಏರಿಯ ಮೇಲೆ ಹೋಗಿ ಉಸಿರು ಬಿಡುತ್ತಿತ್ತು. ಬಿದ್ದಿದ್ದ ಎರಡು ಗೆರೆಯೂ ಕೆರೆ ಏರಿಯವೇ.

ಹೊಸದುರ್ಗದ ಮೆಕ್ಯಾನಿಕ್ ಮುರುಗಪ್ಪನೂ ಹೇಳಿದ್ದ: "ಐದು ನಿಮಿಷ ನಿಂತಲ್ಲೇ ಓಡ್ಲಿ ಬಿಡ್ರಿ ಕಾಂಪೌಂಡ್ರೇ. ಮೈ ಕಾಯ್ದೆ ಹತ್ತಿದ್ರೆ ಯಾವ ಗಾಡಿ ಓಡ್ತೈತೆ?"

ಇದೇ ಮಾತನ್ನು ಮುದುಕ ಜಗಲಿಯ ಮೇಲೆ ಕೂತು ಬೇರೆ ರೀತಿ ಹೇಳುತ್ತಿದ್ದ. "ಹುಚ್ಚಿ, ನಿನ್ ಮಗಂಗೆ ಕೇಳು. ಮಂಜು ಆರೋ ಮುಂಚೆ ಕುರಿ ಬಿಟ್ರೆ ಏನಾಗ್ತೈತೆ?"

ಇಬ್ಬನಿ ಕುಂತ ಹುಲ್ಲು ಮೇದರೆ ಕುರಿಗೆ ಹೊಟ್ಟೆ ಕೆಡುತ್ತದೆ. ಬಿಸಿಲೇರಿ, ಮಂಜು ಆರಿ, ಕುರಿ ಎದ್ದು ಮೈ ಕೊಡವಿಕೊಂಡ ಮೇಲೇ ದೊಡ್ಡಿಯ ಬಾಗಿಲು ತೆಗೆಯುವುದು. ಇದು ಹಟ್ಟಿಯ ಹಸುಗೂಸಿಗೂ ಗೊತ್ತು.

"ನಿನ್ ಗಂಡಂಗೆ ಹೇಳು, ಇದು ಕುರಿ ಅಲ್ಲ, ಮಿಷಿನ್ನು ಅಂತ" ಎಂದು ಮುದ್ದಪ್ಪ ಒದೆಯುತ್ತಿದ್ದ.

ಹೀಗಿರುವಾಗ ಒಂದು ದಿನ ಗಾಡಿ ಎರಡೇ ಒದೆತಕ್ಕೆ ಎದ್ದಿತು. ಮಾರನೆಯ ದಿನವೂ ಎರಡೇ. ಮೂರನೆಯ ದಿನ ಮುದ್ದಪ್ಪ ಪ್ಲಗ್ಗು ಬಿಚ್ಚುವ ಗೋಜಿಗೇ ಹೋಗಲಿಲ್ಲ. ಹೋದ ವಾರವಷ್ಟೇ ಮುರುಗಪ್ಪ ಏನೋ ಉಜ್ಜಿ ಏನೋ ಬಿಗಿ ಮಾಡಿ ಕೊಟ್ಟಿದ್ದ.

"ಮುರುಗಪ್ಪನ ಕೈಗುಣ ಅಂದ್ರೆ ಕೈಗುಣ ನೋಡಮ್ಮ!" ಎಂದು ಮುದ್ದಪ್ಪ ಸೀಟಿ ಹಾಕುತ್ತಾ ಹೋದ. ರೊಟ್ಟಿಯ ವಾಸನೆ ರೊಟ್ಟಿಯದೇ ಆಯಿತು.

ನಾಲ್ಕೈದು ದಿನ ಕಳೆದಿರಬಹುದು. ಕಸ ಗುಡಿಸಲು ನಸುಕಿನಲ್ಲೇ ಎದ್ದ ಹುಚ್ಚಕ್ಕ ಅಂಗಳಕ್ಕೆ ಬಂದು ಪೊರಕೆ ಹಿಡಿದೇ ನಿಂತಳು. ಗಾಡಿ ಕಂಬಳಿ ಹೊದ್ದುಕೊಂಡು ನಿಂತಿತ್ತು. ಗಂಡನ ಕಂಬಳಿ. ಕುರಿ ಮಾರುವ ಮುಂಚಿನ ವರ್ಷ ಅವೇ ಕುರಿಗಳ ಉಣ್ಣೆ ಕತ್ತರಿಸಿ, ಅವಳೇ ಕೂತು ನೂತು, ನೇಯಿಸಿ ತಂದ ಕರಿ ಕಂಬಳಿ. ಮಂದೆಯಲ್ಲಿ ಉಳಿದದ್ದು ಮೂರು ಕುರಿ ಮತ್ತು ಈ ಕಂಬಳಿ ಎಂದು ಮುದುಕ ಅದನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ಈಗ ಅದು ಎಂಜಿನ್ನಿಗೆ ಸುತ್ತಿತ್ತು, ಈದ ಕುರಿಗೆ ಸುತ್ತಿದಂತೆ. ಜಗಲಿಯ ಮೇಲೆ ಅವನು ಹಳೇ ಪಂಚೆ ಹೊದ್ದು ಮುದುರಿ ಕೆಮ್ಮುತ್ತಾ ಮಲಗಿದ್ದ.

ಅವಳು ಹತ್ತಿರ ಹೋಗುವಷ್ಟರಲ್ಲಿ ಅವನೇ ಎದ್ದು ಬಂದು ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡ.

"ಏನ್ ಯಜಮಾನ ಇದು?"

"ಏನಿಲ್ಲ. ಮಂಜು ಕುಂತ್ರೆ ಅದ್ಕೂ ಶೀತ ಆಗ್ತೈತೆ."

"ನಿಂಗಾಗ್ತಿರೋದು ಏನು ಮತ್ತೆ? ಗೊರಗೊರ ಅಂತಿದೀಯ."

"ನಂಗೇನು ಡೂಟಿ ಐತಾ?" ಎಂದ ಮುದುಕ. ತಕ್ಷಣ ಬೆರಳೆತ್ತಿ, "ಅವಂಗೆ ಹೇಳೀಯ, ನನ್ ಮೇಲಾಣೆ."

ಹುಚ್ಚಕ್ಕನ ಸಂಕಟ ಯಾರಿಗೂ ಬೇಡ. ಹೇಳಬೇಕಾದ್ದು, ಹೇಳಬಾರದ್ದು ಎಲ್ಲವನ್ನೂ ಹೊತ್ತವಳಿಗೆ, ಹೇಳಿದರೆ ಮನೆಯೇ ಸರಿಹೋಗುವಂಥ ಒಂದು ಮಾತು ಸಿಕ್ಕಿದಾಗ ಬಾಯಿಗೆ ಬೀಗ ಬಿದ್ದಿತು. ಸಾಯಂಕಾಲ ಮುದ್ದಪ್ಪ ಬಂದು ಊಟಕ್ಕೆ ಕೂತ ಮೇಲೆ ಮುದುಕ ಎದ್ದುಹೋಗಿ, ಜ್ವರ ಬಂದ ಕುರಿಯ ಕಿವಿ ಮುಟ್ಟಿ ನೋಡುವ ಹಾಗೆ ಹಿಂಗೈಯಿಂದ ಎಂಜಿನ್ನು ಮುಟ್ಟಿ ನೋಡುವುದನ್ನೂ, ಆರಿದೆ ಎಂದು ಗೊತ್ತಾದ ಮೇಲೆ ಹೊದಿಸಿ ತುದಿ ಸಿಕ್ಕಿಸುವುದನ್ನೂ ದಿನಾ ಕಿಟಕಿಯಿಂದ ನೋಡುವಳು. ನೋಡಿ ಸೊಂಟಕ್ಕೆ ಕೈ ಕೊಟ್ಟುಕೊಂಡು ಒಳಗೆ ಬರುವಳು.

ಸಾಲದ್ದಕ್ಕೆ ಒಂದು ದಿನ ಮುದ್ದಪ್ಪ, "ಅಮ್ಮ, ಒಂದು ಡಬ್ಬಿ ತುಪ್ಪ ಕಾಸು. ಮುರುಗಪ್ಪಗೆ ಕೊಡ್ಬೇಕು. ಆವಯ್ಯನಿಂದ ನನ್ ಮರ್ಯಾದೆ ಉಳೀತು" ಅಂದ.

"ಯಾರಿಂದ?"

"ಮುರುಗಪ್ಪನಿಂದ."

ಹುಚ್ಚಕ್ಕ ತುಪ್ಪ ಕಾಸಿದಳು. ಡಬ್ಬಿಗೆ ಸುರಿಯುವಾಗ ಅರ್ಧ ತಡೆದು, ಉಳಿದರ್ಧವನ್ನು ಆ ದಿನ ಗಂಡನ ಮುದ್ದೆಯ ಗುಳಿಗೆ ಸುರಿದಳು.

"ಏನಿವತ್ತು ಹಬ್ಬ?" ಅಂದ ಮುದುಕ.

"ಉಣ್ಣು ಸುಮ್ಕೆ. ಕೈಗುಣ ಇರೋರು ತುಪ್ಪ ತಿನ್ಬೇಕು" ಅಂದಳು. ನಾಗಕ್ಕ ಅತ್ತೆಯ ಮುಖ ನೋಡಿದಳು, ಏನೂ ತಿಳಿಯಲಿಲ್ಲ.

ಅವರೆಕಾಯಿ ಕಾಲ ಬಂತು. ಮೂರನೇ ಗೆರೆ ಬೀಳಲೇ ಇಲ್ಲ. ಅಷ್ಟರಲ್ಲಿ ಆ ಶುಕ್ರವಾರ ಬಂತು.

ಆ ದಿನ ಎಲ್ಲೋ ದನಗಳಿಗೆ ಲಸಿಕೆ ಹಾಕುವ ಕೆಲಸವಿದ್ದು ಮುದ್ದಪ್ಪ ಬಂದದ್ದೇ ದೀಪ ಹಚ್ಚಿ ಎಷ್ಟೋ ಹೊತ್ತಾದ ಮೇಲೆ. ಗಾಡಿಯನ್ನು ಓಡಿಸಿಕೊಂಡು ಬಂದ ಬಿರುಸಿಗೆ ಎಂಜಿನ್ನು, ಹೊಗೆ ಕೊಳವೆ ಎಲ್ಲ ಕೆಂಡವಾಗಿತ್ತು. ಮುದುಕನಿಗೆ ಎರಡು ದಿನದಿಂದ ನೆಗಡಿ. ಮೂಗಿಗೆ ವಾಸನೆ ಹತ್ತದು, ಕೈ ಮರಗಟ್ಟಿದೆ. ಮಂಜು ಆಗಲೇ ಇಳಿಯುತ್ತಿತ್ತು. ಮಗ ಬಚ್ಚಲಿಗೆ ಹೋದದ್ದೇ ತಡ, ಹೊತ್ತು ಮೀರಿತೆಂದು ಗಡಿಬಿಡಿಯಲ್ಲಿ ಮುಟ್ಟಿಯೂ ನೋಡದೆ ಕಂಬಳಿ ಹೊದಿಸಿಬಿಟ್ಟ.

ಮೊದಲು ವಾಸನೆ ಬಂತು. ಉಣ್ಣೆ ಸುಟ್ಟ ವಾಸನೆ. ನೆರೆಮನೆಯ ದೊಡ್ಡತಿಮ್ಮಪ್ಪ ಮೂಗು ಅರಳಿಸಿಕೊಂಡೇ ಬಂದ.

"ಏನ್ ಹುಚ್ಚಕ್ಕ, ಶುಕ್ರವಾರ ಕುರಿ ತಲೆ ಸುಡ್ತಿದೀರಾ? ಹೇಳಿ ಕಳಿಸ್ಬಾರ್ದಾ?"

ಅಷ್ಟರಲ್ಲಿ ಅಂಗಳದಲ್ಲಿ ಹೊಗೆ ಎದ್ದಿತ್ತು. ಮುದ್ದಪ್ಪ ಒದ್ದೆ ಮೈಯಲ್ಲೇ ಓಡಿ ಬಂದು ಕಂಬಳಿ ಕಿತ್ತು ಎಸೆದು, ಬಿಂದಿಗೆ ನೀರನ್ನು ಅದರ ಮೇಲೆ ಸುರಿದ. ಕಂಬಳಿಯ ನಡುವೆ ಮೊರದಗಲ ತೂತು. ಗಾಡಿಗೆ ಏನೂ ಆಗಿರಲಿಲ್ಲ. ಮುದುಕ ಕಂಬದ ಹಾಗೆ ನಿಂತಿದ್ದ.

"ಅಮ್ಮ, ಕೇಳು ನಿನ್ ಗಂಡನ್ನ! ಪೆಟ್ರೋಲ್ ಗಾಡಿ ಮೇಲೆ ಕಂಬ್ಳಿ ಹಾಕಿ ಬೆಂಕಿ ಹತ್ಸಾಕೆ ನೋಡ್ತಾನಲ್ಲ! ಕುರಿ ಮಾರಿದ ಸಿಟ್ಟು ಇನ್ನೂ ಹೋಗಿಲ್ವಾ? ಮನೆಮಂದಿ ಎಲ್ಲಾ ಸುಟ್ಟು ಹೋಗಿದ್ರೆ?"

"ಬಿಡೋ ಮುದ್ದಪ್ಪ, ಹಿರೇರಿಗೆ ಹಂಗೆಲ್ಲಾ ಅನ್ಬಾರ್ದು" ಎಂದ ದೊಡ್ಡತಿಮ್ಮಪ್ಪ.

"ನೀ ಸುಮ್ನಿರಣ್ಣ. ಅಮ್ಮ, ಹೇಳು ಅವಂಗೆ. ಸೋಮವಾರ ನಾನೂ ನಾಗಿನೂ ಹೊಸದುರ್ಗಕ್ಕೆ ಹೋಗ್ತೀವಿ. ಸಾಹೇಬ್ರು ಹೇಳಾದು ಬ್ಯಾಡ, ನಾನೇ ಮನೆ ಹಿಡೀತೀನಿ. ಇವನ ಗಾಳಿ ಗಾಡಿಗೆ ತಾಕದು ಬ್ಯಾಡ."

ಹುಚ್ಚಕ್ಕ ಗಂಡನ ಮುಖ ನೋಡಿದಳು. ಈಗಲಾದರೂ ಬಾಯಿ ಬಿಡು ಎಂದು ಕಣ್ಣಲ್ಲೇ ಬೇಡಿದಳು. ಅವನು ನೀರಿನಲ್ಲಿ ತೊಯ್ದ ಕಂಬಳಿಯನ್ನು ಎತ್ತಿ, ಹಿಂಡಿ, ಜಗಲಿಯ ಮೇಲೆ ಹರವಿ ಗೋಡೆ ಕಡೆ ತಿರುಗಿ ಮಲಗಿದ. ಆಣೆ ಆಣೆಯಾಗಿಯೇ ಉಳಿಯಿತು. ಒಳಗೆ ನಾಗಕ್ಕ ಟ್ರಂಕು ಎಳೆಯುವ ಸದ್ದು ಕೇಳಿಸಿತು.

ಮಾರನೆಯ ದಿನ ಕೋಳಿ ಕೂಗುತ್ತಲೇ ಮುದುಕ ಅವಳನ್ನು ಅಲುಗಿಸಿದ.

"ಹುಚ್ಚಿ, ನಿನ್ ಮಗನ್ನ ಈಗ್ಲೇ ಎಬ್ಸು. ಇವತ್ತು ಅದು ಬೇಗ ಏಳಂಗಿಲ್ಲ."

ಅವಳು ಎಬ್ಬಿಸಿದಳು. ಮುದ್ದಪ್ಪ ಗೊಣಗುತ್ತಾ ಬಂದು ಕೊಳಾಯಿ ತಿರುಗಿಸಿದ, ಗುಂಡಿ ಒತ್ತಿದ, ಒದ್ದ. ಎರಡು ಒದೆತ. ಮೂರು. ಹತ್ತು. ಟ್ಯಾಂಕಿನ ಮೇಲಿಂದ ಇಬ್ಬನಿ ಹನಿಹನಿಯಾಗಿ ಇಳಿಯುತ್ತಿತ್ತು. ಹದಿನೆಂಟಕ್ಕೆ ಅವನ ಅಂಗಿ ಬೆನ್ನಿಗಂಟಿತು.

"ಎರಡು ಒದೆತಕ್ಕೆ ಏಳ್ತಿತ್ತಲ್ಲ! ಏನ್ ಬಂತಿದಕ್ಕೆ?"

"ಮುರುಗಪ್ಪನ ಕೈಗುಣ ಎಲ್ಲಿ ಹೋತಪ್ಪ ಒಂದೇ ದಿನಕ್ಕೆ?" ಎಂದಳು ಹುಚ್ಚಕ್ಕ, ಬಾಗಿಲಲ್ಲಿ ನಿಂತು.

ಅವಳ ಸಿಟ್ಟು ನೆತ್ತಿಗೇರಿತ್ತು. ಹೇಳಬೇಡ ಎಂದು ಆಣೆ ಹಾಕಿದ್ದ. ಸರಿ, ಹೇಳುವುದಿಲ್ಲ. ತೋರಿಸಬೇಡ ಎಂದೇನೂ ಅಂದಿರಲಿಲ್ಲವಲ್ಲ. ಜಗಲಿಯ ಮೇಲಿನ ಕಂಬಳಿಯನ್ನು ಸೆಳೆದು ತಂದು ಮಗನ ಕಾಲ ಮುಂದೆ ಅಂಗಳದಲ್ಲಿ ಹರವಿದಳು.

"ಮುಟ್ಟಿ ನೋಡು."

"ಏನ್ ನೋಡಾದು? ಸುಟ್ಟೈತೆ."

"ಸುಟ್ಟ ಜಾಗ ಅಲ್ಲ ಕಣೋ. ಉಳಿದಿದ್ದು ಮುಟ್ಟು."

ಕರಿ ಕಂಬಳಿಯ ಮೇಲೆ ಎಣ್ಣೆ ಕಲೆ ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುತ್ತದೆ. ಮುದ್ದಪ್ಪ ಕುಕ್ಕರಗಾಲಲ್ಲಿ ಕೂತು ಕೈಯಾಡಿಸಿದ. ಉಣ್ಣೆ ಅಲ್ಲಲ್ಲಿ ಗಟ್ಟಿಯಾಗಿ ಅಂಟುತ್ತಿತ್ತು. ಎಂಜಿನ್ನಿನ ಮೈಮೇಲಿನ ಪಟ್ಟೆಗಳು ಗೆರೆಗೆರೆಯಾಗಿ ಒತ್ತಿದ್ದವು. ಒಂದರ ಮೇಲೊಂದು, ಬೇರೆ ಬೇರೆ ದಿನದವು. ಬೆರಳು ಮೂಸಿ ನೋಡಿದ. ಎಂಜಿನ್ನಿನ ಎಣ್ಣೆ. ಹಳೆಯದು.

ಅವನು ಗಾಡಿ ನೋಡಿದ, ಕಂಬಳಿ ನೋಡಿದ, ಆಮೇಲೆ ಜಗಲಿಯ ಮೇಲೆ ಹಳೇ ಪಂಚೆಯಲ್ಲಿ ಮುದುರಿ ಕೂತು ಕೆಮ್ಮುತ್ತಿದ್ದ ಅಪ್ಪನನ್ನು ನೋಡಿದ.

"ಎಷ್ಟು ದಿನದಿಂದ ಅಮ್ಮ?"

"ನಾನೇನೂ ಹೇಳಂಗಿಲ್ಲಪ್ಪ. ಆಣೆ ಐತೆ."

ನಾಗಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆ ದಿನದ ತುಪ್ಪದ ಅರ್ಥ ಅವಳಿಗೆ ಈಗ ಆಯಿತು.

ಮುದ್ದಪ್ಪ ಅನ್ನಲು ಬರುವ ಮಾತೆಲ್ಲ ನಿನ್ನೆಯೇ ಅಂದು ಮುಗಿಸಿದ್ದ. ಪ್ಲಗ್ಗು ಬಿಚ್ಚಿ ಒಳಗೆ ಹೋಗಿ ಒಲೆಯ ಕೆಂಡಕ್ಕೆ ಹಿಡಿದ. ಕಾಸಿಕೊಂಡು ಬರುವಷ್ಟರಲ್ಲಿ ಮುದುಕ ಜಗಲಿ ಇಳಿದು ಬಂದು ಕಂಬಳಿಯ ಒಣಗಿದ ಅಂಚಿನಿಂದ ಎಂಜಿನ್ನಿನ ಇಬ್ಬನಿ ಒರೆಸುತ್ತಿದ್ದ, ಈಗ ತಾನೇ ಹುಟ್ಟಿದ ಮರಿಯನ್ನು ಒರೆಸಿದಂತೆ. ಮಗ ಪ್ಲಗ್ಗು ತಿರುಪಿದ. ಒದ್ದ. ನಾಲ್ಕನೆಯದಕ್ಕೆ ಅದು ಕೆಮ್ಮಿತು, ಐದಕ್ಕೆ ಎದ್ದಿತು.

ಅಭ್ಯಾಸಬಲ, ಮುದ್ದಪ್ಪ ಕಾಲೆತ್ತಿ ಹಾಕಿ ಗೇರು ಹಾಕಲು ಹೊರಟ.

"ಇಳಿಯಲೇ!"

ಮುದುಕನ ದನಿ. ಬೆಟ್ಟದ ಈಚೆಯಿಂದ ಆಚೆಗಿದ್ದ ಕುರಿಯನ್ನು ತಿರುಗಿಸುತ್ತಿದ್ದ ದನಿ. ಮುದ್ದಪ್ಪ ಬೆಚ್ಚಿ ಇಳಿದ.

"ಮಂಜು ಆರ್ಲಿ. ನಿನ್ ಸಾಹೇಬ್ರ ಗಡಿಯಾರಕ್ಕೆ ಇನ್ನೂ ಬೇಕಾದಷ್ಟು ಹೊತ್ತೈತೆ, ಅದ್ಕೇ ಬೇಗ ಎಬ್ಸಿದ್ದು. ಒಳಗೋಗಿ ರೊಟ್ಟಿ ತಿನ್ನು. ಇದನ್ನ ಎಲ್ಲಿ ಹಿಡ್ಕಬೇಕು ತೋರ್ಸು, ನಾ ನೋಡ್ಕಂತೀನಿ."

ಮುದ್ದಪ್ಪ ಅಪ್ಪನ ಕೈ ಹಿಡಿದು ಹಿಡಿಕೆಯ ಮೇಲಿಟ್ಟ. ಬೆರಳುಗಳು ತಣ್ಣಗಿದ್ದವು. ಅವುಗಳ ಮೇಲೆ ತನ್ನ ಕೈ ಇಟ್ಟು ಮೆಲ್ಲಗೆ ತಿರುವಿ ತೋರಿಸಿದ. ಬೇಗನೆ ತೆಗೆಯಲಿಲ್ಲ.

ಒಳಗೆ ಬಂದವನಿಗೆ ಊಟದ ತಟ್ಟೆ ಇರಲಿಲ್ಲ. ನಾಗಕ್ಕ ಟ್ರಂಕಿನ ಬಾಯಿ ತೆಗೆದು, ಸೀರೆಗಳ ನಡುವೆ ಕಟ್ಟಿಟ್ಟಿದ್ದ ತಟ್ಟೆ ಎತ್ತಿ ತೊಳೆದು ತಂದಳು. ಅದರ ಹಿಂದೆ ಚೊಂಬು, ಲೋಟ, ದೀಪ ಎಲ್ಲ ಒಂದೊಂದಾಗಿ ಗೂಡು ಸೇರಿದವು.

ಹುಚ್ಚಕ್ಕ ಬಿಸಿ ರೊಟ್ಟಿಯ ಮೇಲೆ ಚಟ್ನಿ ಹಾಕಿದಳು. ಮುದ್ದಪ್ಪ ಒಂದು ತುತ್ತು ಮುರಿದ. ಹೊರಗೆ ಗಾಡಿ ಒಮ್ಮೆ ಜೋರಾಗಿ ಅರಚಿತು. ಮುದುಕ ಹುಮ್ಮಸ್ಸಿನಲ್ಲಿ ತಿರುವಿದ್ದ. ಮುದ್ದಪ್ಪ ರೊಟ್ಟಿ ಬಾಯಲ್ಲಿಟ್ಟುಕೊಂಡೇ ತಲೆಯೆತ್ತಿದ. ಹುಚ್ಚಕ್ಕ ರೂಢಿಯಂತೆ ಸೆರಗು ಸರಿಪಡಿಸಿಕೊಂಡು, ಮಗ ಹೇಳುವ ಮಾತನ್ನು ಹೊತ್ತುಕೊಂಡು ಹೋಗಲು ಬಾಗಿಲ ಕಡೆ ತಿರುಗಿ ನಿಂತಳು.

"ಅಪ್ಪಾ, ಮೆಲ್ಲಗೆ! ಅಷ್ಟೊಂದು ಕೊಡಬ್ಯಾಡ!"

"ಆಯ್ತು ಕಣ್ಲಾ, ನೀನು ತಿನ್ನು!"

ಎರಡೂ ಮಾತು ಅವಳ ತಲೆಯ ಮೇಲಿಂದ ಹಾದುಹೋದವು. ಹುಚ್ಚಕ್ಕ ತೆರೆದ ಬಾಯಿ ಮುಚ್ಚಿಕೊಂಡು, ಮಾಡಲು ಏನೂ ಕೆಲಸವಿಲ್ಲದವಳಂತೆ ಹೊಸ್ತಿಲ ಮೇಲೆ ಕೂತುಕೊಂಡಳು. ಕಣ್ಣಲ್ಲಿ ನೀರು ಬಂದಿತ್ತು. ನೀಲಿ ಹೊಗೆ ಅಂಗಳದಿಂದ ಒಳಕ್ಕೂ ಬರುತ್ತಿತ್ತು ನೋಡಿ, ಯಾಕೆಂದು ಯಾರೂ ಕೇಳಲಿಲ್ಲ.